ಒಂಬತ್ತು ಹತ್ತರ ಆ ಸಾಲು

"ಇದನ್ನ ಒಂದ್ಸಲ ಆನ್ ಮಾಡಿ ನೋಡು. ಅಷ್ಟೇ. ಆಮೇಲೆ ನಿನ್ನ ಕಣ್ಣಿಗೆ ಬೀಳಲ್ಲ."

ತ್ರಿವೇಣಿ ತಲೆ ಎತ್ತಿದಳು.

ಮಾಸ್ತಿ ಬಸ್ ಸ್ಟ್ಯಾಂಡ್ ಎದುರಿಗಿದ್ದ ಅವಳ ಪುಟ್ಟ ಕಂಪ್ಯೂಟರ್ ರಿಪೇರಿ ಅಂಗಡಿಯ ಬಾಗಿಲಲ್ಲಿ ಕದಿರೇಶ್ ನಿಂತಿದ್ದ. ಧೂಳು ಹಿಡಿದ ಸಿಪಿಯು ಒಂದನ್ನು ಎದೆಗೆ ಅವಚಿಕೊಂಡಿದ್ದ.

ಮೂರು ವರ್ಷ... ಅವನ ಕೆನ್ನೆ ಒಳಗೆ ಹೋಗಿತ್ತು. ಗಡ್ಡದಲ್ಲಿ ಅಲ್ಲಲ್ಲಿ ಬಿಳಿ ಕಾಣುತ್ತಿತ್ತು. ಒಂದು ಕಾಲದಲ್ಲಿ ಅವಳ ಗಂಡನಾಗಬೇಕಿದ್ದವನು. ಈಗ ಅವಳ ಲೆಕ್ಕದಲ್ಲಿ ಅವಳ ಅಣ್ಣನನ್ನು ಕೊಂದವನು.

"ಯಾವ ಮುಖ ಇಟ್ಕೊಂಡು ಇಲ್ಲಿಗೆ ಬಂದೆ?"

"ಮುಖ ಇಲ್ಲ. ಅದಕ್ಕೇ ಬಾಗಿಲಲ್ಲೇ ನಿಂತಿದೀನಿ."

ಅವಳ ಕಣ್ಣು ಆ ಪೆಟ್ಟಿಗೆಯ ಮೇಲೆ ಬಿತ್ತು. ಮೂಲೆಯಲ್ಲಿ ಹಳದಿ ಬಣ್ಣದಲ್ಲಿ ಎರಡು ಎಂಬ ಅಂಕಿ. ಅದನ್ನು ಬರೆದವಳು ಅವಳೇ.

"ಇದು... ಕೋಲ್ಡ್ ಸ್ಟೋರೇಜಿಂದು. ನಿಂಗೆಲ್ಲಿ ಸಿಕ್ತು?"

"ಅಲ್ಲಿ ಹೊಸದು ಹಾಕ್ಸಿ ಇದನ್ನ ಗುಜರಿಗೆ ಹಾಕಿದ್ರು. ನಾನೀಗ ಮಾಲೂರಲ್ಲಿ ಗುಜರಿ ಅಂಗಡೀಲೇ ಇರೋದು. ಜೈಲಿಗೆ ಹೋಗಿ ಜಾಮೀನಲ್ಲಿ ಬಂದೋನಿಗೆ ಇನ್ಯಾರು ಕೆಲಸ ಕೊಡ್ತಾರೆ?" ಅವನು ಪೆಟ್ಟಿಗೆಯನ್ನು ಮೆಲ್ಲಗೆ ಹೊಸ್ತಿಲ ಮೇಲಿಟ್ಟ. "ಆನ್ ಮಾಡಿದ್ರೆ ಕಪ್ಪು ಪರದೆ ಮೇಲೆ ಏನೇನೋ ಇಂಗ್ಲಿಷ್ ಬಂದು ನಿಂತೋಗುತ್ತೆ. ಪಾಸ್‌ವರ್ಡೂ ನಿಂಗೊಬ್ಳಿಗೇ ಗೊತ್ತಿರೋದು. ಸೋಮವಾರ ಕೋರ್ಟಲ್ಲಿ ನನ್ ಮೇಲೆ ಸಾಕ್ಷಿ ಹೇಳ್ತೀಯ. ಹೇಳೋಕ್ ಮುಂಚೆ ಒಂದ್ಸಲ ಪೂರ್ತಿ ನೋಡು ತ್ರಿವೇಣಿ."

ಉತ್ತರಕ್ಕೆ ಕಾಯದೆ ರಸ್ತೆ ದಾಟಿ ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತ.

ಆಗಿದ್ದೇನು ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಮಾಲೂರು ರಸ್ತೆಯಲ್ಲಿ ಆಲೂಗಡ್ಡೆ ಇಡುವ ಒಂದು ಕೋಲ್ಡ್ ಸ್ಟೋರೇಜ್. ತಂಪು ಮಾಡುವುದು ಅಮೋನಿಯಾ ಗ್ಯಾಸಿನಿಂದ. ತ್ರಿವೇಣಿಯ ಅಣ್ಣ ನರೇಶ್, ಅವನ ಜೀವದ ಗೆಳೆಯ ನಂಗಲಿಯ ಕದಿರೇಶ್, ಇಬ್ಬರೂ ಅಲ್ಲಿ ಆಪರೇಟರ್‌ಗಳು. ಲಿನಕ್ಸ್ ಎಂಬ ತಂತ್ರಾಂಶದ ಮೇಲೆ ಓಡುವ ಅಲ್ಲಿನ ಕಂಪ್ಯೂಟರುಗಳನ್ನು ತ್ರಿವೇಣಿ ನೋಡಿಕೊಳ್ಳುತ್ತಿದ್ದಳು. ಕದಿರೇಶ್ ದಿನಕ್ಕೆ ನಾಲ್ಕು ಸಲ ಏನೂ ಕೆಡದ ಕಂಪ್ಯೂಟರ್ ಕೆಟ್ಟಿದೆ ಎಂದು ಅವಳನ್ನು ಕರೆಯುತ್ತಿದ್ದುದು ನರೇಶನಿಗೆ ಕಾಣದೇ ಇರಲಿಲ್ಲ. ಅವನೇ ಅಮ್ಮನ ಹತ್ತಿರ ಮಾತಾಡಿ ನಿಶ್ಚಿತಾರ್ಥದ ದಿನ ಗೊತ್ತು ಮಾಡಿಸಿದ್ದ.

ಅದಕ್ಕೆ ಹನ್ನೆರಡು ದಿನ ಇರುವಾಗ ಆ ಅವಘಡ ನಡೆಯಿತು.

ಕದಿರೇಶನ ಶಿಫ್ಟ್ ಬೆಳಿಗ್ಗೆ ಆರರಿಂದ ಎರಡರವರೆಗೆ. ಎರಡಕ್ಕೆ ಬಂದವನು ನರೇಶ್. ಬೆಳಗಿನಿಂದ ಮುಚ್ಚಿದ್ದ ಹಿಂದಿನ ಚೇಂಬರಿಗೆ ಹೋದ ನರೇಶ್ ವಾಪಸ್ ಬರಲಿಲ್ಲ. ಒಳಗೆ ಹಳೆಯ ಪೈಪೊಂದರಿಂದ ಗ್ಯಾಸ್ ಸೋರಿತ್ತು. ಮ್ಯಾನೇಜರ್ ರಾಮಚಂದ್ರಪ್ಪ ಓಡಿ ಬಂದು ಮೇನ್ ಸ್ವಿಚ್ ಎಳೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸೈರನ್ ಕೆಟ್ಟು ತಿಂಗಳಾಗಿತ್ತು. ಉಳಿದಿದ್ದ ಒಂದೇ ಸಾಕ್ಷಿ ಈ ಕಂಪ್ಯೂಟರ್. ಗ್ಯಾಸ್ ಸೋರಿದರೆ ಲಾಗ್ ಎಂಬ ದಾಖಲೆ ಕಡತದಲ್ಲಿ ಸಮಯ ಸಮೇತ ಒಂದು ಸಾಲು ಬರೆಯುವುದು ಅದರ ಕೆಲಸ. ಅಂದು ಸಂಜೆ ಪೊಲೀಸರ ಎದುರು, ಅರ್ಧ ಊರಿನ ಎದುರು, ತ್ರಿವೇಣಿಯೇ ಕೂತು ಅಲಾರಂ ಎಂಬ ಪದ ಇರುವ ಸಾಲನ್ನು ಮಾತ್ರ ಹುಡುಕಿ ಪ್ರಿಂಟ್ ತೆಗೆದಿದ್ದಳು. ಸಿಕ್ಕಿದ್ದು ಒಂದೇ ಸಾಲು. ಸಮಯ ಒಂಬತ್ತು ಗಂಟೆ ಹತ್ತು ನಿಮಿಷ.

ಬೆಳಿಗ್ಗೆ ಒಂಬತ್ತು ಹತ್ತು. ಅಂದರೆ ಕದಿರೇಶನ ಶಿಫ್ಟು. ಗ್ಯಾಸ್ ಐದೂವರೆ ಗಂಟೆ ಆ ಚೇಂಬರಿನಲ್ಲಿ ತುಂಬಿಕೊಂಡಿತ್ತು, ಇವನು ನಿದ್ದೆ ಹೊಡೆಯುತ್ತಿದ್ದ, ಗೆಳೆಯನಿಗೆ ಒಂದು ಮಾತೂ ಹೇಳದೆ ಮನೆಗೆ ಹೋದ... ಎಲ್ಲರೂ ಓದಿಕೊಂಡಿದ್ದು ಹೀಗೆ.

"ನಾನು ಗಂಟೆಗೊಂದ್ಸಲ ನೋಡಿದೀನಿ. ಆ ಸಾಲು ಇರ್ಲಿಲ್ಲ ತ್ರಿವೇಣಿ," ಎಂದು ಅವನು ಅಂಗಲಾಚಿದ್ದ.

"ಮನುಷ್ಯ ಸುಳ್ಳು ಹೇಳ್ತಾನೆ. ಕಂಪ್ಯೂಟರ್ ಹೇಳಲ್ಲ," ಎಂದು ಅವಳು ಎಲ್ಲರ ಮುಂದೆ ಅವನ ಕೆನ್ನೆಗೆ ಹೊಡೆದಿದ್ದಳು.

ಈಗ ಅದೇ ಕಂಪ್ಯೂಟರ್ ಹೊಸ್ತಿಲ ಮೇಲೆ ಕೂತಿತ್ತು. ನೋಡಬಾರದು ಎಂದುಕೊಂಡಳು. ಆದರೆ ರಿಪೇರಿಯವರ ಕೈ ಸುಮ್ಮನಿರುತ್ತದೆಯೇ? ಹತ್ತು ನಿಮಿಷದಲ್ಲಿ ವೈರುಗಳನ್ನು ಸಿಕ್ಕಿಸಿಯಾಗಿತ್ತು.

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಮೂಡಿ ನಿಂತವು. ಡಿಸ್ಕನ್ನು ಕೊನೆಯ ಬಾರಿ ಬಳಸಿದ ದಿನ ಇನ್ನೂ ಬಂದೇ ಇಲ್ಲ ಎಂಬ ದೂರು. ಒಳಗಿನ ಗಡಿಯಾರದ ಸೆಲ್ ಸತ್ತಿತ್ತು. ಹಾಗಾಗಿ ಅದು ಎಷ್ಟೋ ವರ್ಷ ಹಿಂದಿದ್ದೇನೆ ಎಂದುಕೊಂಡಿತ್ತು. ಅವಳು ಹೊಸ ಸೆಲ್ ಹಾಕಿ, ಡಿಸ್ಕ್ ಪರೀಕ್ಷಿಸುವ ಕಮಾಂಡ್ ಕೊಟ್ಟು, ಕೇಳಿದ್ದಕ್ಕೆಲ್ಲ ಹೌದು ಎಂದು ಒತ್ತಿದಳು. ಕೊನೆಗೆ ಪಾಸ್‌ವರ್ಡ್ ಕೇಳಿತು.

ಬೆರಳುಗಳು ತಾವಾಗಿಯೇ ಒತ್ತಿದವು. ಅದು ನಡೆಯದೇ ಹೋದ ನಿಶ್ಚಿತಾರ್ಥದ ತಾರೀಖು.

ಕಣ್ಣು ಮಂಜಾಯಿತು. ಒರೆಸಿಕೊಂಡು ಲಾಗ್ ತೆರೆದಳು. ಈ ಸಲ ಒಂದು ಸಾಲನ್ನಲ್ಲ, ಆ ಇಡೀ ದಿನವನ್ನು.

ಹತ್ತು ನಿಮಿಷಕ್ಕೊಮ್ಮೆ ಚೇಂಬರಿನ ಉಷ್ಣಾಂಶ. ಎಂಟು ಐವತ್ತು. ಒಂಬತ್ತು. ಒಂಬತ್ತು ಹತ್ತಕ್ಕೆ ಅಲಾರಂ. ಒಂಬತ್ತು ಇಪ್ಪತ್ತು. ಆಮೇಲೆ... ಏನೂ ಇಲ್ಲ.

ಏಕೆ ಇಲ್ಲ?

ಕರೆಂಟ್ ತೆಗೆದದ್ದು ಮಧ್ಯಾಹ್ನ. ಎರಡು ಐವತ್ತಕ್ಕೆ ಮೇನ್ ಸ್ವಿಚ್ ಎಳೆದೆ ಎಂದು ರಾಮಚಂದ್ರಪ್ಪ ಬರೆದುಕೊಟ್ಟಿದ್ದಾನೆ. ಹಾಗಾದರೆ ಈ ಯಂತ್ರ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೇ ಬರೆಯುವುದನ್ನು ಏಕೆ ನಿಲ್ಲಿಸಿತು?

ಇಂಟರ್‌ನೆಟ್ ಕೇಬಲ್ ಸಿಕ್ಕಿಸಿದಳು. ಗಡಿಯಾರ ತಾನೇ ಸರಿಹೋಗಬೇಕು. ಸ್ವಲ್ಪ ಕಾದು, ಡೇಟ್ ಎಂದು ಟೈಪ್ ಮಾಡಿದಳು.

ಪರದೆ ಐದು ಐವತ್ತು ಎಂದಿತು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತು.

ಸಮಯದ ಪಕ್ಕದಲ್ಲಿ ಮೂರು ಅಕ್ಷರ. ಯುಟಿಸಿ. ಅದು ಲಂಡನ್ ಕಡೆಯ ಗಡಿಯಾರ. ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ.

ಒಂಬತ್ತು ಹತ್ತಕ್ಕೆ ಐದೂವರೆ ಗಂಟೆ ಸೇರಿಸಿದರೆ ಎರಡು ನಲವತ್ತು. ಒಂಬತ್ತು ಇಪ್ಪತ್ತಕ್ಕೆ ಸೇರಿಸಿದರೆ ಎರಡು ಐವತ್ತು. ಗ್ಯಾಸ್ ಸೋರಿದಾಗ ಕದಿರೇಶ್ ಮನೆಗೆ ಹೋಗುವ ಬಸ್ಸಿನಲ್ಲಿದ್ದ. ನರೇಶ್ ಆಗಲೇ ಚೇಂಬರಿನ ಒಳಗಿದ್ದ.

ಆ ಯಂತ್ರಕ್ಕೆ ಅವಘಡದ ಎರಡು ವಾರ ಮೊದಲಷ್ಟೇ ಹೊಸದಾಗಿ ಲಿನಕ್ಸ್ ಹಾಕಿದವಳು ತ್ರಿವೇಣಿ. ನೀನಿರುವುದು ಭಾರತದಲ್ಲಿ ಎಂದು ಅದಕ್ಕೆ ಹೇಳುವ ಒಂದೇ ಒಂದು ಸೆಟ್ಟಿಂಗ್ ಬಾಕಿ ಇತ್ತು. ಅಂದು ನರೇಶ್ ಬಾಗಿಲಲ್ಲಿ ನಿಂತು, "ಬಾರೇ, ಸೀರೆ ಅಂಗಡಿ ಮುಚ್ತಾರೆ," ಎಂದು ಅವಸರ ಮಾಡಿದ್ದ. ನಾಳೆ ಮಾಡಿದರಾಯಿತು ಎಂದು ಎದ್ದು ಹೋಗಿದ್ದಳು. ಆ ನಾಳೆಯೂ ಮರೆತಿದ್ದಳು.

'ನಾನು... ನಾನೇ ಮಾಡಿದ್ದು ಇದು.'

ಕಂಪ್ಯೂಟರ್ ಆನ್ ಆಗಲಿಲ್ಲ ಎಂದು ಕದಿರೇಶನಿಗೆ ಹೇಳಿದರೆ ಸಾಕಿತ್ತು. ಅವನು ನಂಬುತ್ತಿದ್ದ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ಬಂದದ್ದು ನಿಜ, ಒಂದೆರಡು ನಿಮಿಷ ಅವಳ ಎದುರಿಗೇ ಕೂತಿದ್ದೂ ನಿಜ.

ಅಷ್ಟರಲ್ಲಿ ಅಮ್ಮ ಮುತ್ಯಾಲಮ್ಮ ಊಟದ ಡಬ್ಬಿ ಹಿಡಿದು ಒಳಗೆ ನುಗ್ಗಿದಳು. "ಆ ಪಾಪಿ ಯಾಕೆ ಅಲ್ಲಿ ಕೂತವ್ನೆ? ನನ್ನ ಮಗನ್ನ ತಿಂದ್ಕೊಂಡಿದ್ದು ಸಾಲ್ದಾ?"

"ಅಮ್ಮಾ, ಅವನ ತಪ್ಪಲ್ಲ. ನಂದು."

ಹೇಳಿದಳು. ಎರಡೆರಡು ಸಲ ಬಿಡಿಸಿ ಹೇಳಿದಳು. ಮುತ್ಯಾಲಮ್ಮ ಪರದೆಯನ್ನೂ ಮಗಳನ್ನೂ ನೋಡುತ್ತ ನಿಂತಳು.

"ಹಂಗಾದ್ರೆ ನನ್ನ ಮಗನ್ನ ಕೊಂದಿದ್ದು ಯಾರು?"

"ಹಳೇ ಪೈಪು ಅಮ್ಮಾ. ಆ ಗಳಿಗೇಲಿ ಅವನನ್ನ ಎಚ್ಚರಿಸೋಕೆ ಅಲ್ಲಿ ಯಾರೂ ಇರ್ಲಿಲ್ಲ."

ಮುತ್ಯಾಲಮ್ಮ ನೆಲಕ್ಕೆ ಕುಸಿದಳು. ಮೂರು ವರ್ಷ ದಿನಾ ಬೆಳಿಗ್ಗೆ ಎದ್ದು ಶಪಿಸಲು ಅವಳಿಗೆ ಒಬ್ಬನಿದ್ದ. ಈಗ ಯಾರೂ ಉಳಿದಿರಲಿಲ್ಲ. "ಕೊಡುಕಾ... ನಾ ಕೊಡುಕಾ..." ಎಂದು ತೆಲುಗಿನಲ್ಲಿ ಮಗನನ್ನು ಕರೆಯುತ್ತ ಅತ್ತಳು.

ತ್ರಿವೇಣಿ ರಸ್ತೆ ದಾಟಿದಳು. ಅವನೆದುರು ನಿಂತು, ಒಂದನ್ನೂ ಮುಚ್ಚಿಡದೆ ಹೇಳಿದಳು. ಸೀರೆ ಅಂಗಡಿಯವರೆಗೆ ಎಲ್ಲವನ್ನೂ.

"ಎರಡು ನಲವತ್ತು?" ಅವನ ದನಿ ಕೇಳಿಸಿದ್ದೇ ಕಷ್ಟ.

"ಹೌದು."

"ನಾನು ನಿದ್ದೆ ಮಾಡಿರ್ಲಿಲ್ಲ..."

"ಇಲ್ಲ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹೆಗಲು ಅಲುಗುತ್ತಿತ್ತು.

"ಮೊದಮೊದಲು ನಂಗೆ ಗೊತ್ತಿತ್ತು, ನಾನು ಎಚ್ಚರಾನೇ ಇದ್ದೆ ಅಂತ. ಎಲ್ರೂ ಹೇಳೀ ಹೇಳೀ... ಆಮೇಲೆ ನಾನೇ ಕಣ್ಣು ಮುಚ್ಚಿದ್ನೇನೋ ಅಂತ ನಂಬಿಬಿಟ್ಟೆ. ಕೇಸಿಂದ ತಪ್ಪಿಸ್ಕೊಳ್ಳೋಕೆ ಬರ್ಲಿಲ್ಲ ತ್ರಿವೇಣಿ. ನರೇಶನ್ನ ನಾನು ಕೊಂದ್ನಾ ಇಲ್ವಾ, ಅದನ್ನ ತಿಳ್ಕೊಳ್ಳೋಕೆ ಬಂದೆ."

ಅವನಿಂದ ಅವಳು ಕಿತ್ತುಕೊಂಡದ್ದು ಬರೀ ಕೆಲಸವನ್ನಲ್ಲ, ಮರ್ಯಾದೆಯನ್ನಲ್ಲ. ತನ್ನನ್ನು ತಾನೇ ನಂಬುವ ಶಕ್ತಿಯನ್ನೂ ಕಿತ್ತುಕೊಂಡಿದ್ದಳು.

"ನಮ್ಮಮ್ಮ ಹೋದಾಗ ನಂಗಲೀಲಿ ಹೆಗಲು ಕೊಡೋಕೆ ನಾಲ್ಕು ಜನ ಬರ್ಲಿಲ್ಲ," ಎಂದ ಅವನು. "ಅದನ್ನೇನು ಮಾಡ್ತೀಯ?"

ಮಾಲೂರಿನ ಬಸ್ಸು ಬಂತು. ಅವನು ತಿರುಗಿ ನೋಡದೆ ಹತ್ತಿದ.

ಸೋಮವಾರ ಮಾಲೂರಿನ ಕೋರ್ಟಿನಲ್ಲಿ ತ್ರಿವೇಣಿ ಕಟಕಟೆಯಲ್ಲಿ ನಿಂತಳು. ಅವಳನ್ನು ಸಾಕ್ಷಿಗೆ ಕರೆಸಿದ್ದ ವಕೀಲರ ಮುಖ ಅವಳ ಮೊದಲ ಮಾತಿಗೇ ಕಪ್ಪಿಟ್ಟಿತು.

"ಅಂದ್ರೆ ಕಂಪ್ಯೂಟರ್ ಸುಳ್ಳು ಹೇಳ್ತು ಅಂತೀರಾ?" ನ್ಯಾಯಾಧೀಶರು ಕೇಳಿದರು.

"ಇಲ್ಲ ಸ್ವಾಮಿ. ಅದಕ್ಕೆ ಅದು ಎಲ್ಲಿದೆ ಅಂತ ನಾನು ಹೇಳಿರ್ಲಿಲ್ಲ. ನಾನೇ ತಪ್ಪು ಓದಿದೆ. ನಿರಪರಾಧಿ ಒಬ್ಬರು ಜೈಲಿಗೆ ಹೋಗಿದ್ದು ನನ್ನಿಂದ."

ಹಿಂದೆ ಗುಸುಗುಸು ಎದ್ದಿತು. ಅಣ್ಣನ ಸಾವನ್ನೇ ಮರೆತಳು, ಹಳೇ ಪ್ರೀತಿ ಮಾತಾಡಿಸುತ್ತಿದೆ ಎಂದು ಯಾರೋ ಅಂದದ್ದು ಅವಳ ಕಿವಿಗೂ ಬಿತ್ತು. ಅವಳು ತಲೆ ತಗ್ಗಿಸಲಿಲ್ಲ. ಆ ಯಂತ್ರವನ್ನು ತಜ್ಞರಿಂದ ಪರೀಕ್ಷೆ ಮಾಡಿಸಲು ಆದೇಶವಾಯಿತು.

ಹೊರಗೆ ಹೊಂಗೆ ಮರದ ಕೆಳಗೆ ನಿಂತಿದ್ದಾಗ ಕದಿರೇಶ್ ಬಂದ.

"ಸಿಟ್ಟು ಹೋಗಿಲ್ಲ," ಎಂದ.

"ಹೋಗೋದು ಬೇಡ. ನಂಗೆ ಬರ್ಬೇಕಾದ್ದೇ."

"ಸಿಟ್ಟಿನ ಜತೆಗಿದ್ದಿದ್ದೂ ಹೋಗಿಲ್ಲ. ಜೈಲಲ್ಲಿ ಎಷ್ಟು ಪ್ರಯತ್ನ ಮಾಡಿದೆ ಗೊತ್ತಾ, ನಿನ್ನ ಮರೆಯೋಕೆ... ಆಗ್ಲಿಲ್ಲ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಾನು ದ್ವೇಷ ಅಂದ್ಕೊಂಡು ದಿನಾ ನಿನ್ನೇ ನೆನೀತಿದ್ದೆ ಕದಿರೇಶ್. ಕ್ಷಮಿಸು ಅನ್ನೋಕೂ ನಾಚಿಕೆ ಆಗುತ್ತೆ."

ಪಕ್ಕದ ಕಟ್ಟೆಯ ಮೇಲೆ ಕೂತಿದ್ದ ಮುತ್ಯಾಲಮ್ಮ ಎದ್ದಳು. ಅವನ ಮುಖ ನೋಡುವ ಧೈರ್ಯ ಅವಳಿಗಿನ್ನೂ ಬಂದಿರಲಿಲ್ಲ.

"ಮಾಸ್ತಿ ಬಸ್ಸು ಬತ್ತಾ ಐತೆ," ಎಂದು ಗಾಳಿಗೆ ಹೇಳಿದಳು. "ಮೂರು ಸೀಟು ಹಿಡೀತೀನಿ."

ಅವಳು ಹೋದ ಮೇಲೆ ಅವನು ಕೇಳಿದ, "ನರೇಶನ್ನ ಮಣ್ಣು ಮಾಡಿದ್ದು ಎಲ್ಲಿ? ಆವತ್ತು ನಾನು ಠಾಣೇಲಿದ್ದೆ."

"ನಮ್ಮ ರಾಗಿ ಹೊಲದ ಮೂಲೇಲಿ."

"ಒಬ್ನೇ ಹೋಗೋಕೆ ಆಗಲ್ಲ ನಂಗೆ."

ಅವಳು ಕೈ ಚಾಚಿದಳು. ಅವನು ಆ ಕೈಯನ್ನು ಸ್ವಲ್ಪ ಹೊತ್ತು ನೋಡಿ, ಹಿಡಿದುಕೊಂಡ. ಇಬ್ಬರ ಅಂಗೈಯೂ ತಣ್ಣಗಿತ್ತು.

"ಹೋಗಿ ಏನು ಹೇಳ್ಲಿ ಅವನಿಗೆ?"

"ತಡವಾಯ್ತು ಅಂತ," ಎಂದಳು ತ್ರಿವೇಣಿ. "ಇಬ್ರೂ ಹೇಳೋಣ."