ಅಪ್ಪನ ಎಡಗೈಗೆ ಕಂಡಿಕೆ

ಶೇವಂತಿ ಬಲಗೈಯಲ್ಲಿ ರಾಟಿ ತಿರುಗಿಸುತ್ತ, ಎಡಗೈ ಬೆರಳ ಸಂದಿಯಿಂದ ಕೆಂಪು ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದಳು. ಮಗ್ಗದ ಲಾಳಿಯೊಳಗೆ ಕೂರುವ ಬೆರಳುದ್ದದ ಕಂಡಿಕೆ ಅದು. ತುಂಬಿದ್ದನ್ನು ಬುಟ್ಟಿಗೆ ಹಾಕಿ ಮಗಳ ಕಡೆ ತಿರುಗಿದಳು.

“ಇವಿಷ್ಟು ಅಪ್ಪಗ ಕೊಟ್ಟು ಬಾ. ದಾರ್ಯಾಗ ನಿಂದ್ರಬ್ಯಾಡ ಮತ್ತ.”

ಐದನೆಯ ಕ್ಲಾಸಿನ ಪ್ರೀತಿ ಬುಟ್ಟಿ ಎತ್ತಿಕೊಂಡು ಓಡಿದಳು.

ಬೆಂಗಳೂರಿನ ಮ್ಯೂಸಿಯಂ ಅಂಗಳದಲ್ಲಿ ಅವತ್ತು ಹಬ್ಬ. ಟಿಕೆಟ್ ಇಲ್ಲ, ಯಾರು ಬೇಕಾದರೂ ಬರಬಹುದು. ರಬಕವಿಯ ಮನೆಯ ಕೈಮಗ್ಗವನ್ನು ಬಿಚ್ಚಿ, ಟೆಂಪೋದಲ್ಲಿ ತಂದು ಇಲ್ಲಿ ಜೋಡಿಸಿದ್ದರು. ಅಪ್ಪ ಮಲ್ಲಿನಾಥ ಜನರ ಮುಂದೆ ಸೀರೆ ನೇಯುತ್ತಿದ್ದ. ಫೋಟೋದಲ್ಲಿ ಮಗ್ಗವೊಂದೇ ಚಂದ ಕಾಣಲಿ ಎಂದು ಹಬ್ಬ ನಡೆಸುವ ಅಲಕಾ ಮೇಡಂ ಅವ್ವನ ರಾಟಿಯನ್ನು ಟೆಂಟಿನ ಹಿಂದೆ ಇಡಿಸಿದ್ದರು. ಹೀಗಾಗಿ ಕಂಡಿಕೆ ಮುಟ್ಟಿಸುವ ಕೆಲಸ ಪ್ರೀತಿಯ ಪಾಲಿಗೆ ಬಂದಿತ್ತು.

ದಾರಿಯಲ್ಲಿ ಒಬ್ಬರು ಹಳೆಯ ಶಾಸನದ ಕಲ್ಲಿಗೆ ಕಾಗದ ಅಂಟಿಸಿ, ಮಸಿ ಒತ್ತಿ ಅಕ್ಷರ ಮೂಡಿಸುತ್ತಿದ್ದರು. ಒಂದೇ ನಿಮಿಷ ನೋಡೋಣ ಎಂದು ಪ್ರೀತಿ ನಿಂತಳು. ಒಂದು ಹತ್ತಾಯಿತು.

ನೆನಪಾಗಿ ಓಡಿ ಬಂದಾಗ ಮಗ್ಗದ ಸುತ್ತ ಜನವೋ ಜನ. ಅಪ್ಪ ಖಾಲಿ ಕಂಡಿಕೆ ತೆಗೆದು, ಕಣ್ಣು ನೇಯ್ಗೆಯ ಮೇಲೇ ಇಟ್ಟು, ಎಡಗೈ ಪಕ್ಕಕ್ಕೆ ಚಾಚಿದ. ಏನೂ ಸಿಗಲಿಲ್ಲ. ಮತ್ತೆ ಚಾಚಿದ. ಕೈ ಗಾಳಿಯಲ್ಲಿ ತಡಕಾಡಿತು.

“ಅಂಕಲ್ ಮಗ್ಗ ಹ್ಯಾಂಗ್ ಆಯ್ತು” ಎಂದ ಮುಂದೆ ನಿಂತಿದ್ದ ಹುಡುಗ. ಸುತ್ತಲಿದ್ದವರು ನಕ್ಕರು.

ಪ್ರೀತಿಯ ಮುಖ ಬಿಸಿಯಾಯಿತು. ನುಗ್ಗಿ ಹೋಗಿ ಬುಟ್ಟಿ ಇಟ್ಟು, ತಪ್ಪು ತನ್ನದೇ ಎಂದಳು. ಅಪ್ಪ ಬೈಯಲಿಲ್ಲ. ತನ್ನ ಬರಿಗೈಯನ್ನೇ ನೋಡುತ್ತಿದ್ದ. ಆಮೇಲೆ ಅಲಕಾ ಮೇಡಂ ಅವರನ್ನು ಕರೆದ.

“ಮೇಡಂರೀ, ಇಕಿ ಅವ್ವನ್ನ ಇಲ್ಲೇ ಕುಂದ್ರಸ್ರಿ. ಹದಿನಾಲ್ಕ ವರ್ಷ ಆತು, ನಾ ಕೈ ಚಾಚಿದಲ್ಲೇ ಕಂಡಿಕಿ ಇರ್ತೈತ್ರಿ. ಇದು ನನ್ನೊಬ್ಬನ ಮಗ್ಗ ಅಲ್ರಿ.”

ನಗು ನಿಂತಿತು. ಮೇಡಂ ತಾವೇ ಹೋಗಿ ರಾಟಿ ಎತ್ತಿಸಿಕೊಂಡು ಬಂದರು.

ಅವ್ವ ಸೆರಗು ಸರಿಮಾಡಿಕೊಂಡು ಅಪ್ಪನ ಎಡಕ್ಕೆ ಕೂತಳು. ನಾಚಿಕೆಗೆ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಅಪ್ಪನ ಕೈ ಚಾಚಿತು, ಅವ್ವನ ಕಂಡಿಕೆ ಅಂಗೈಗೆ ಬಂತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲೇ ಇಲ್ಲ.

ಆ ಹುಡುಗ ಪ್ರೀತಿಯ ಹತ್ತಿರ ಸರಿದು, ನೋಡದೆಯೇ ಕಂಡಿಕೆ ಕೊಡುವ ಹೊತ್ತು ಅವರಿಗೆ ಹೇಗೆ ಗೊತ್ತಾಯಿತು ಎಂದು ಮೆಲ್ಲಗೆ ಕೇಳಿದ.

“ಅಕಿ ನಮ್ಮವ್ವ” ಎಂದಳು ಪ್ರೀತಿ, ಕತ್ತು ನೆಟ್ಟಗೆ ಮಾಡಿ. ಹೇಗೆಂಬುದು ಅವಳಿಗೂ ಗೊತ್ತಿರಲಿಲ್ಲ.

ಕಣ್ಣು ಮುಚ್ಚಿ ನಿಂತಳು. ಲಾಳಿ ಆ ಕಡೆ ಈ ಕಡೆ ಓಡುತ್ತಿತ್ತು. ನೂಲು ಮುಗಿಯುತ್ತ ಬಂದಂತೆ ಅದರ ಸದ್ದು ಹಗುರಾಗುತ್ತಿತ್ತು. ಆಗ ಅವ್ವನ ರಾಟಿ ಒಂದು ಗಳಿಗೆ ನಿಲ್ಲುತ್ತಿತ್ತು. ಹುಟ್ಟಿದಾಗಿನಿಂದ ಮನೆಯಲ್ಲಿದ್ದ ಸದ್ದೇ ಅದು. ಅವಳು ಕೇಳಿಸಿಕೊಂಡದ್ದು ಮಾತ್ರ ಇವತ್ತು.

ಪ್ರೀತಿ ಒಂದು ಕಂಡಿಕೆಯನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡು ಅವ್ವನ ಬದಿಗೆ ಕೂತಳು. ಮುಂದಿನ ಸಲ ಅಪ್ಪನ ಅಂಗೈಗೆ ಬೀಳುವುದು ಇದೇ.

ಲಾಳಿಯ ಸದ್ದು ಇನ್ನೂ ಭಾರವಾಗಿಯೇ ಇತ್ತು. ಅವಳು ಕಿವಿಗೊಟ್ಟು ಕಾದಳು.