ಜೀವದ ಎಳೆ

ದೆವ್ವದ ಮಾತು ಬಿಡಿ, ನಾನು ನಂಬುವವಳಲ್ಲ. ನನ್ನ ಕಿವಿಯನ್ನು ಮಾತ್ರ ನಂಬುತ್ತೇನೆ.

ಸಾವಿರದ ಒಂಬೈನೂರ ಐವತ್ತೊಂದರ ಬೇಸಿಗೆ. ಮದರಾಸಿನಲ್ಲಿ ಸಂಗೀತದ ಬಿ.ಎ. ಓದುತ್ತಿದ್ದೆ. ಹಾಡುವ ಪರೀಕ್ಷೆಯಲ್ಲಿ ಒಮ್ಮೆ ನಪಾಸಾಗಿದ್ದೆ. ಇನ್ನೊಮ್ಮೆ ಆದರೆ ಓದು ಬಿಡಿಸಿ ಮದುವೆ ಮಾಡುವುದಾಗಿ ಅಪ್ಪ ಹೇಳಿಬಿಟ್ಟಿದ್ದರು. ರಜೆಯಲ್ಲಿ ಬಳ್ಳಾರಿಯ ಬ್ರೂಸ್‌ಪೇಟೆಯ ಮನೆಯಲ್ಲಿ ಅಭ್ಯಾಸಕ್ಕೆ ತಂಬೂರಿ ಇರಲಿಲ್ಲ. ನಮ್ಮ ಮನೆಯವರಿಗೆ ಪರಿಚಯವಿದ್ದ ಕುರುಗೋಡಿನ ತಿರುಮಲಮ್ಮ, ತೀರಿಹೋಗಿದ್ದ ಮಗಳ ತಂಬೂರಿ ಕೊಟ್ಟರು.

“ಒಯ್ಯಿ ತಂಗಿ. ಜೀವ ಮಾತ್ರ ಹಾಕಬ್ಯಾಡ. ಆಕಿ ಮಲಗ್ಯಾಳ.”

ತಂತಿಯ ಕೆಳಗೆ ಸಿಕ್ಕಿಸುವ ನೂಲಿನ ಎಳೆಗೆ ನಾವು ಜೀವ ಎನ್ನುತ್ತೇವೆ. ಅದಿಲ್ಲದೆ ತಂತಿ ಬರೀ ಟಣ್ ಎನ್ನುತ್ತದೆ, ಝೇಂಕರಿಸುವುದಿಲ್ಲ. ಎರಡು ದಿನ ತಡೆದೆ. ಮೂರನೆಯ ಮಧ್ಯಾಹ್ನ ನಾಲ್ಕು ತಂತಿಗೂ ಎಳೆ ಹಾಕಿಯೇಬಿಟ್ಟೆ.

ನಾದವೇನೋ ಮನೆ ತುಂಬಿತು. ಆದರೆ ಆ ಉರಿಬಿಸಿಲಿನಲ್ಲೂ ತಂಬೂರಿಯ ಬುರುಡೆ ನೀರಿನ ಕೊಡದಂತೆ ತಣ್ಣಗಿತ್ತು. ನಾನು ಹಾಡು ನಿಲ್ಲಿಸಿ ಉಸಿರೆಳೆದಾಗಲೆಲ್ಲ ಅದರೊಳಗೂ ಯಾರೋ ಉಸಿರೆಳೆದುಕೊಂಡಂತಾಗುತ್ತಿತ್ತು. ಎಳೆಗಳನ್ನು ಕಿತ್ತೆಸೆದು, ಅಂದೇ ಬಸ್ಸು ಹಿಡಿದು ಕುರುಗೋಡಿಗೆ ಹೋಗಿ ತಂಬೂರಿ ಒಪ್ಪಿಸಿದೆ.

ತಿರುಮಲಮ್ಮ ಬುರುಡೆಗೆ ಕಿವಿಯಿಟ್ಟು ಬಹಳ ಹೊತ್ತು ಆಲಿಸಿದರು.

“ಇದರಾಗ ಆಕಿ ಇಲ್ಲಲ್ಲ ತಂಗಿ. ಎಲ್ಲೆ ಬಿಟ್ಟಿ?”

ಚಪ್ಪಲಿ ಮೆಟ್ಟಿ ಬಸ್ಸಿನತ್ತ ಹೊರಟುಬಿಟ್ಟೆ.

ಮದರಾಸಿನ ಪರೀಕ್ಷೆಯಲ್ಲಿ ಕೊಟ್ಟದ್ದು ಕಾಲೇಜಿನದೇ ಬೇರೆ ತಂಬೂರಿ. ಶ್ರುತಿ ನೋಡಲೆಂದು ಒಮ್ಮೆ ಮೀಟಿದೆ. ಕೋಣೆಯೆಲ್ಲ ಝೇಂಕರಿಸಿತು.

“ಜೀವ ಚೆನ್ನಾಗಿ ಕೂತಿದೆಯಮ್ಮಾ,” ಎಂದು ಪರೀಕ್ಷಕರು ತಲೆದೂಗಿದರು.

ಪಾಸಾದೆ. ಆದರೆ ಅವರು ಹಾಗೆ ಹೇಳಿದಾಗ, ಆ ತಂಬೂರಿಗೆ ಹಾಕಲೆಂದು ತಂದಿದ್ದ ನಾಲ್ಕೂ ಹೊಸ ಎಳೆಗಳು ಇನ್ನೂ ನನ್ನ ಎಡಗೈ ಮುಷ್ಟಿಯಲ್ಲೇ ಇದ್ದವು.