ತಕ್ಕಡಿ ವಾಲಿದಾಗ

“ಇವರು ವಾರದಲ್ಲಿ ಎಷ್ಟು ಸಲ ಹೊರಗೆ ಹೋಗ್ತಾರೆ?” ಎಂದು ಅವಳು ಕೇಳಿದ್ದು ಅವನ ತಾಯಿಯನ್ನು.

“ಇವರನ್ನೇ ಕೇಳಿ ಮೇಡಂ. ಇಲ್ಲೇ ಕೂತಿದ್ದಾರೆ.”

ಅವನ ಮಾತು ನಿಧಾನವಾಗಿ, ತಡವರಿಸುತ್ತ ಬಂತು. ತುಂಟ ನಗು ಮಾತ್ರ ಅದಕ್ಕಿಂತ ಮೊದಲೇ ಬಂದಿತ್ತು. ಅವಳ ಕಿವಿ ಕೆಂಪಾಯಿತು. ತಾಯಿ ನಗು ತಡೆಯಲಾಗದೆ ಎದ್ದು ಒಳಗೆ ಹೋದರು.

ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿಯಿಂದ ಕೈಕಾಲು, ಮಾತಿನ ಮೇಲೆ ಹಿಡಿತ ಕಮ್ಮಿ ಇರುವ ಅವನಂಥ ಯುವಜನರಿಗಾಗಿ ಊರಿನ ಪುನರ್ವಸತಿ ಕೇಂದ್ರ ಒಂದು ಜೀವನಶೈಲಿ ಕಾರ್ಯಕ್ರಮ ನಡೆಸುತ್ತಿತ್ತು: ವ್ಯಾಯಾಮ, ಸೈಕಲ್, ಮನಬಿಚ್ಚಿ ಮಾತಾಡಲು ಒಬ್ಬ ಸಲಹೆಗಾರ. ಖರ್ಚಿಗೆ ತಕ್ಕ ಲಾಭವಿದೆಯೇ ಎಂದು ಅಳೆಯುವುದು ಅವಳ ಕೆಲಸ. ಇಲ್ಲವೆಂದಾದರೆ ಬಾಗಿಲು ಮುಚ್ಚುತ್ತಾರೆ.

ಅವನು ಆಡಿಯೋ ಪುಸ್ತಕಗಳ ಧ್ವನಿ ಸಂಕಲನಕಾರ; ಓದಿನ ನಡುವೆ ನುಸುಳಿದ ಉಸಿರಿನ ಸದ್ದನ್ನೂ ಹುಡುಕಿ ಕತ್ತರಿಸುವ ಕೆಲಸ. ಮೊದಲೆಲ್ಲ ಕೋಣೆಯೇ ಪ್ರಪಂಚ. ಈಗ ಮೂರು ಚಕ್ರದ ಸೈಕಲ್ ಏರಿದರೆ ಊಟದ ಹೊತ್ತಿಗೂ ಪತ್ತೆಯಿಲ್ಲ ಎಂದು ತಾಯಿ ದೂರುತ್ತಿದ್ದರು, ಸಂತೋಷದಿಂದ.

“ನನ್ನ ಖುಷಿಗೆ ರೇಟ್ ಹಾಕಿದ್ರಾ, ಲೆಕ್ಕದ ಮೇಡಂ?”

“ಹಾಕ್ತಿದ್ದೀನಿ. ನೀವು ಹೀಗೆ ನಗ್ತಿದ್ರೆ ಅಂಕಿ ಏರ್ತಾನೇ ಇರುತ್ತೆ.”

ಪ್ರಶ್ನೆಗಳು ಮುಗಿದ ಮೇಲೂ ಅವಳು ಹೋದಳು. ಒಮ್ಮೆ ಪೆನ್ ಮರೆತ ನೆಪ, ಇನ್ನೊಮ್ಮೆ ನೆಪವೇ ಇಲ್ಲ. ನೆಪವಿಲ್ಲದೆ ಹೋದ ಆ ದಿನವೇ ಅವಳು ನೇರವಾಗಿ ಮೇಲಧಿಕಾರಿಯ ಮುಂದೆ ನಿಂತಳು.

“ಸರ್, ಈ ಕೆಲಸ ಬೇರೆಯವರಿಗೆ ಕೊಡಿ. ನನ್ನ ತಕ್ಕಡಿ ಒಂದು ಕಡೆಗೆ ವಾಲಿದೆ.”

ಅವರು ಕನ್ನಡಕದ ಮೇಲಿಂದ ನೋಡಿದರು. “ಎಷ್ಟಮ್ಮಾ ವಾಲಿದೆ?”

“ನೆಲ ಮುಟ್ಟಿದೆ ಸರ್.”

ಕೆಲಸ ಸಹೋದ್ಯೋಗಿಯ ಪಾಲಾಯಿತು. ವರದಿ ಬರುವವರೆಗೆ ಅವಳು ಆ ದಾರಿ ಹಿಡಿಯಲಿಲ್ಲ, ಫೋನೂ ಮಾಡಲಿಲ್ಲ. ಕೊನೆಗೆ ವರದಿ ಬಂತು: ನಡಿಗೆಯಲ್ಲಿ ದೊಡ್ಡ ಬದಲಾವಣೆ ಇಲ್ಲ, ಆದರೆ ಹೊರಗಿನ ಓಡಾಟ, ಉತ್ಸಾಹ ಹೆಚ್ಚಿದೆ, ಖರ್ಚು ಮಾಮೂಲಿ ಚಿಕಿತ್ಸೆಯಷ್ಟೇ. ಕಾರ್ಯಕ್ರಮ ಮುಂದುವರಿಯಲಿ.

ಅಂದೇ ಸಂಜೆ ಅವಳು ಕೇಂದ್ರದ ಅಂಗಳಕ್ಕೆ ಓಡಿದಳು. ಅವನು ಸೈಕಲ್ ಮೇಲಿದ್ದ. ಮುಖ ಬಿಗಿದಿತ್ತು.

“ಲೆಕ್ಕ ಬಿಟ್ಟಿರಿ, ಸರಿ. ನನ್ನನ್ನ ಯಾಕೆ ಬಿಟ್ಟಿರಿ?”

“ಇವಳು ಪ್ರೀತಿಗೆ ಬಿದ್ದು ಲೆಕ್ಕ ತಿದ್ದಿಸಿದಳು ಅಂತ ಒಬ್ಬರು ಅಂದಿದ್ದರೂ ನಿಮ್ಮೆಲ್ಲರ ಕಾರ್ಯಕ್ರಮ ಮುಳುಗ್ತಿತ್ತು. ಅದಕ್ಕೇ...”

ಅವಳು ತುಟಿ ಕಚ್ಚಿಕೊಂಡಳು.

ಅವನ ಹುಬ್ಬು ಮೆಲ್ಲಗೆ ಏರಿತು. “ಏನಕ್ಕೆ ಬಿದ್ದು? ಸರಿಯಾಗಿ ಕೇಳಿಸ್ಲಿಲ್ಲ.”

“ಉಸಿರಿನ ಸದ್ದೂ ಬಿಡದೆ ಹಿಡಿಯೋ ಕಿವಿ ನಿಮ್ದು. ಸುಳ್ಳು ಹೇಳಬೇಡಿ.”

“ಕೇಳಿಸ್ತು. ಇನ್ನೊಂದು ಸಲ ಕೇಳೋ ಆಸೆ.”

“ಪ್ರೀತಿಗೆ,” ಎಂದಳು, ಹ್ಯಾಂಡಲ್ ಹಿಡಿದು, ಅವನ ಕಣ್ಣನ್ನೇ ನೋಡುತ್ತ.

ಅವನು ಏನೋ ಹೇಳಹೊರಟ. ಮೊದಲ ಅಕ್ಷರವೇ ಹೊರಡಲೊಲ್ಲದು. ಅವಳಿಗೆ ಆ ಮಾತು ಗೊತ್ತಿತ್ತು. ಆದರೂ ತಾನು ಪೂರ್ತಿ ಮಾಡಲಿಲ್ಲ. ಅದು ಅವನ ಬಾಯಿಂದಲೇ ಬರಲೆಂದು ಕಾದಳು.

“ನಿ... ನಿನ್ನ ಮೇಲೆ ನನಗೂ,” ಎಂದ.

‘ನೀವು’ ಹೋಗಿ ‘ನೀನು’ ಬಂದದ್ದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ನಾಚಿಕೆಗೆ ಅವನು ಪೆಡಲ್ ಒತ್ತಿಯೇಬಿಟ್ಟ. ಗೇಟು ದಾಟಿ ಇಳಿಜಾರಿನಲ್ಲಿ ಸೈಕಲ್ ಓಡಿತು. ಚಪ್ಪಲಿ ಕೈಗೆ ತೆಗೆದುಕೊಂಡು ಅವಳೂ ಹಿಂದೆಯೇ ಓಡಿದಳು.

“ಸ್ವಲ್ಪ ನಿಲ್ಲೋ ಮಾರಾಯ, ಉಸಿರು ಕಟ್ತಿದೆ.”

ಅವನು ಬ್ರೇಕ್ ಹಾಕಿ, ತಿರುಗಿ, ಕೈ ಚಾಚಿದ.

“ಇಷ್ಟಕ್ಕೇ ಉಸಿರು ಕಟ್ತಾ? ಕಾರ್ಯಕ್ರಮಕ್ಕೆ ನಿನ್ನ ಹೆಸರೂ ಸೇರಿಸೋಣ,” ಎಂದ.